ಆರು ಅಂಗುಲ ಚಕ್ಕಿನ ಸಿಎನ್‌ಸಿ ಲೇತ್: ಬಳಕೆದಾರನ ವಿಮರ್ಶೆ, ಆಮದು ಸುಂಕದ ಲೆಕ್ಕದೊಂದಿಗೆ

ಪೀಣ್ಯದ ಯಾವ ಅಡ್ಡರಸ್ತೆಯ ಶೆಡ್ಡಿಗೆ ಹೋದರೂ, ಬೆಳಗಾವಿಯ ಉದ್ಯಮಬಾಗಿನಲ್ಲಿ ನೋಡಿದರೂ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನೋಡಿದರೂ ಒಂದೇ ಬಗೆಯ ಯಂತ್ರ ಕಣ್ಣಿಗೆ ಬೀಳುತ್ತದೆ: ಕತ್ತರಿಸಬೇಕಾದ ತುಂಡನ್ನು ಹಿಡಿದು ತಿರುಗುವ ಆರು ಅಂಗುಲದ ಹೈಡ್ರಾಲಿಕ್ ಚಕ್, ಎಂಟು ಟೂಲ್ ಹಿಡಿದು ಸರದಿಯಂತೆ ಮುಂದೊಡ್ಡುವ ಟರೆಟ್, ಓರೆಯಾಗಿ ಕೂರಿಸಿದ ಬೆಡ್, ಜಾರುಬಾಗಿಲಿನ ಪಕ್ಕದಲ್ಲಿ ಕಂಟ್ರೋಲರ್‌ನ ಪರದೆ. ಈ ದರ್ಜೆಯ ಸಿಎನ್‌ಸಿ ಲೇತ್‌ಗಳನ್ನು, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರಗಳನ್ನು, ಬೆಂಗಳೂರು, ಕೊಯಮತ್ತೂರು, ರಾಜಕೋಟ್‌ಗಳ ಹಲವು ಕಂಪನಿಗಳು ತಯಾರಿಸುತ್ತವೆ. ನನ್ನ ಘಟಕದಲ್ಲಿರುವುದು ಬೆಂಗಳೂರಿನಲ್ಲೇ ತಯಾರಾದದ್ದು. ಇದರ ಗುಣದೋಷಗಳಲ್ಲಿ ಬಹುಪಾಲು ಇಡೀ ದರ್ಜೆಗೆ ಅನ್ವಯಿಸುವಂಥವು. ಆದ್ದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ. ಹೆಸರು ಹೇಳಿದೊಡನೆ ಚರ್ಚೆ ಯಂತ್ರವನ್ನು ಬಿಟ್ಟು ಆ ಕಂಪನಿಯ ಸೇಲ್ಸ್ ಇಂಜಿನಿಯರ್‌ಗಳ ಗುಣಾವಗುಣಗಳ ಕಡೆಗೆ ತಿರುಗುತ್ತದೆ ಎಂಬುದು ನಮ್ಮ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಸಾಮಾನ್ಯವಾಗಿ ಇಂಥ ಯಂತ್ರದ ಬಗ್ಗೆ ಬರೆಯುವವರು ಚಕ್ಕನ್ನು ತಿರುಗಿಸುವ ದಂಡದ, ಅಂದರೆ ಸ್ಪಿಂಡಲ್ಲಿನ ವೇಗ, ಟರೆಟ್ ತಿರುಗುವ ಸಮಯ, ಬೆಲೆ, ಸರ್ವಿಸ್ ಇಷ್ಟನ್ನು ಹೇಳಿ ಮುಗಿಸುತ್ತಾರೆ. ಅವೆಲ್ಲವನ್ನೂ ನಾನೂ ಹೇಳಲಿದ್ದೇನೆ. ಆದರೆ ಒಂದು ಗಂಟೆಯಲ್ಲಿ ಈ ಯಂತ್ರ ಎಷ್ಟು ಬುಷ್‌ಗಳನ್ನು (ನಡುವೆ ತೂತಿರುವ ಕೊಳವೆಯಾಕಾರದ ಬಿಡಿಭಾಗ) ಕೊಡುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ 1991ರ ನಂತರ ಈ ದೇಶದ ಬಂದರುಗಳಲ್ಲಿ ಸುಂಕಕ್ಕೆ ಏನಾಯಿತು ಎಂಬುದನ್ನೂ ಹೇಳದೆ ವಿಧಿಯಿಲ್ಲ. ವಿದೇಶಿ ವ್ಯಾಪಾರಕ್ಕೆ ಬಾಗಿಲು ತೆರೆದದ್ದರಿಂದ ನಮ್ಮ ಕಾರ್ಖಾನೆಗಳ ಉತ್ಪಾದಕತೆ ಏರಿತೇ ಎಂದು ಕೇಳುವವರು ಸಾಧಾರಣವಾಗಿ ಸ್ಪರ್ಧೆಯ ಮಾತನ್ನೇ ಆಡುತ್ತಾರೆ: ಹೊರಗಿನ ಸರಕು ಬಂತು, ಒಳಗಿನವರು ಹೆದರಿ ಸುಧಾರಿಸಿದರು ಎಂದು. ಈ ಯಂತ್ರವನ್ನು ಬಳಸುತ್ತ ನನಗೆ ಮನವರಿಕೆಯಾದದ್ದು ಬೇರೆ. ಹೆದರಿಕೆಗಿಂತ ಹೆಚ್ಚಿನ ಕೆಲಸ ಮಾಡಿದ್ದು ಹೊರಗಿನಿಂದ ಬಂದ ಬಿಡಿಭಾಗಗಳು.

ಇದನ್ನು ನೋಡಲು ಯಂತ್ರದ ಹಿಂಬದಿಯ ಕ್ಯಾಬಿನೆಟ್ ತೆರೆದರೆ ಸಾಕು. ಕಂಟ್ರೋಲರ್ ಮತ್ತು ಮೋಟರ್‌ಗಳನ್ನು ನಡೆಸುವ ಸರ್ವೋ ಆಂಪ್ಲಿಫೈಯರ್‌ಗಳು ಜಪಾನಿನ ಫನುಕ್ ಕಂಪನಿಯವು. ಸೀಮೆನ್ಸ್ ಬೇಕೆಂದವರಿಗೆ ಅದನ್ನೂ ಹಾಕಿಕೊಡುತ್ತಾರೆ. ಟೂಲ್ ನೇರವಾಗಿ ಜಾರುವ ಹಳಿಗಳಾದ ಎರಡು ಅಕ್ಷಗಳ ಎಲ್‌ಎಂ ಗೈಡ್‌ಗಳು ತೈವಾನಿನವು. ಟೂಲನ್ನು ಹಿಂದೆ ಮುಂದೆ ಸರಿಸುವ ಬಾಲ್‌ಸ್ಕ್ರೂ ಕೂಡ ಅಲ್ಲಿಯದೇ. ಸ್ಪಿಂಡಲ್ಲನ್ನು ಹಿಡಿದಿರುವ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್‌ಗಳು ಜಪಾನಿನವು. ಕಾಂಟ್ಯಾಕ್ಟರ್, ರಿಲೇಗಳ ಮೇಲೆ ಯುರೋಪಿನ ಹೆಸರುಗಳಿದ್ದರೂ ತಯಾರಿ ಭಾರತದ್ದು. ಬೆಡ್ಡಿನ ಕಾಸ್ಟಿಂಗ್, ಸ್ಪಿಂಡಲ್ ಹೌಸಿಂಗ್, ಹೊರಗಿನ ತಗಡಿನ ಹೊದಿಕೆ, ಕೂಲಂಟ್ (ಟೂಲ್ ತಂಪಾಗಿಡುವ ದ್ರವ) ಟ್ಯಾಂಕ್, ವಿನ್ಯಾಸ, ಜೋಡಣೆ ಮತ್ತು ಲೇಸರ್ ಹಿಡಿದು ಮಾಡುವ ಅಳತೆಯ ಪರೀಕ್ಷೆ ಇಲ್ಲಿನವು. ತೂಕದಲ್ಲಿ ಹೇಳಿದರೆ ಯಂತ್ರದ ಬಹುಪಾಲು ದೇಶೀಯ. ನಿಖರತೆ ಮತ್ತು ವೇಗದ ಲೆಕ್ಕದಲ್ಲಿ ಹೇಳಿದರೆ ಬಹುಪಾಲು ಆಮದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ, ಆದರೆ ಮಾರಾಟದ ಪುಸ್ತಿಕೆಯಲ್ಲಿ 'ಸಂಪೂರ್ಣ ಸ್ವದೇಶಿ' ಎಂದು ಅಚ್ಚು ಹಾಕಿಸುವಾಗ ಸ್ವಲ್ಪ ಯೋಚಿಸಬಹುದಿತ್ತು.

ಈಗ ಕೆಲಸದ ಮಾತು. ನಮ್ಮಲ್ಲಿ ಪದೇಪದೇ ಬರುವ ಜಾಬ್ ಒಂದು ಇಎನ್8 ಉಕ್ಕಿನ ಬುಷ್: ಹೊರವ್ಯಾಸ 40 ಮಿಲಿಮೀಟರ್, ಉದ್ದ 60, ಒಳಗಿನ ತೂತು 25 ಎಚ್7. ಎಚ್7 ಎಂದರೆ ಆ ತೂತು 25 ಮಿಲಿಮೀಟರಿಗಿಂತ ಒಂದಿಷ್ಟೂ ಕಡಿಮೆಯಾಗಕೂಡದು, 21 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹೆಚ್ಚು ದೊಡ್ಡದಾಗಲೂ ಕೂಡದು. ಸಾದಾ ಲೇತ್‌ನಲ್ಲಿ ಹೈಸ್ಪೀಡ್ ಸ್ಟೀಲ್ ಟೂಲ್ ಕಟ್ಟಿ ಇದನ್ನು ಟರ್ನ್ ಮಾಡುವಾಗ ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರಿನ ಆಸುಪಾಸಿನಲ್ಲೇ ಇರಬೇಕು. ಅದಕ್ಕಿಂತ ಹೆಚ್ಚಿಸಿದರೆ ಟೂಲಿನ ಮೂತಿ ಸುಟ್ಟು ಹೋಗುತ್ತದೆ. 40 ಮಿಲಿಮೀಟರ್ ವ್ಯಾಸಕ್ಕೆ ಆ ವೇಗ ಎಂದರೆ ಸ್ಪಿಂಡಲ್ ನಿಮಿಷಕ್ಕೆ ಸುಮಾರು 240 ಸುತ್ತು. ಪ್ರತಿಯೊಂದು ಸುತ್ತಿನಲ್ಲೂ ಟೂಲ್ 0.2 ಮಿಲಿಮೀಟರ್ ಮುಂದೆ ಸಾಗುವಂತೆ ಫೀಡ್ ಕೊಟ್ಟರೆ 60 ಮಿಲಿಮೀಟರ್ ಉದ್ದದ ಒಂದೇ ಒಂದು ಪಾಸ್ ಮುಗಿಯಲು 75 ಸೆಕೆಂಡ್ ಬೇಕು. ಅದೇ ಬುಷ್ಷಿಗೆ ಸಿಎನ್‌ಸಿಯಲ್ಲಿ ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಕತ್ತರಿಸುವ ಬಿಲ್ಲೆ) ಹಾಕಿ ನಿಮಿಷಕ್ಕೆ 200 ಮೀಟರ್ ವೇಗ ಕೊಟ್ಟರೆ ಸ್ಪಿಂಡಲ್ ಸುಮಾರು 1590 ಸುತ್ತು ಸುತ್ತುತ್ತದೆ, ಅದೇ ಫೀಡ್‌ನಲ್ಲಿ ಅದೇ ಪಾಸ್ 11 ಸೆಕೆಂಡಿನಲ್ಲಿ ಮುಗಿಯುತ್ತದೆ.

ಗಮನಿಸಬೇಕಾದದ್ದು ಏನೆಂದರೆ, ಈ 75ಕ್ಕೂ 11ಕ್ಕೂ ನಡುವಿನ ಅಂತರ ಆಪರೇಟರ್ ಹೆಚ್ಚು ಚುರುಕಾಗಿದ್ದರಿಂದ ಬಂದದ್ದಲ್ಲ, ಮಾಲೀಕ ಹೆಚ್ಚು ಗದರಿದ್ದರಿಂದಲೂ ಬಂದದ್ದಲ್ಲ. ಅಂಗೈಯಲ್ಲಿ ಹತ್ತಾರು ಹಿಡಿಯುವಷ್ಟು ಸಣ್ಣದಾದ ಒಂದು ಇನ್ಸರ್ಟ್ ಮತ್ತು ಆ ವೇಗದಲ್ಲಿ ಕಂಪಿಸದೆ ತಿರುಗಬಲ್ಲ ಬೇರಿಂಗ್ ಇವೆರಡರಿಂದ ಬಂದದ್ದು. ನಾವು ಹೆಚ್ಚಾಗಿ ಬಳಸುವ ಸಿಎನ್‌ಎಂಜಿ 120408 ಇನ್ಸರ್ಟಿಗೆ ನಾಲ್ಕು ಕತ್ತರಿಸುವ ಅಂಚುಗಳಿರುತ್ತವೆ. ಒಂದು ಸವೆದರೆ ಸ್ಕ್ರೂ ಸಡಿಲಿಸಿ ತಿರುಗಿಸಿ ಕೂರಿಸಿದರಾಯಿತು. ಹಿಂದೆ ಟೂಲ್ ಸವೆದರೆ ಗ್ರೈಂಡಿಂಗ್ ವ್ಹೀಲಿನ ಮುಂದೆ ನಿಂತು ಕೋನ ನೋಡಿಕೊಂಡು ಮಸೆಯಬೇಕಿತ್ತು, ಮಸೆದವನ ಕೈಗುಣದಂತೆ ಟೂಲಿನ ಆಯುಸ್ಸು ಇರುತ್ತಿತ್ತು. ತುಮಕೂರು ರಸ್ತೆಯಲ್ಲೇ 1960ರ ದಶಕದಿಂದ ಕಾರ್ಬೈಡ್ ಟೂಲ್ ತಯಾರಿಸುತ್ತಿದ್ದ ವಿಡಿಯಾ ಕಾರ್ಖಾನೆ ಇದ್ದರೂ, ಸ್ವೀಡನ್, ಜಪಾನ್, ಕೊರಿಯಾಗಳ ಹೊಸ ಹೊಸ ಗ್ರೇಡ್‌ಗಳು ಸಣ್ಣ ಶೆಡ್ಡಿನ ಟೇಬಲ್ಲಿಗೂ ಬಂದು ಕೂತದ್ದು ಆಮದು ಸಲೀಸಾದ ಮೇಲೆಯೇ. ಈಗಂತೂ ಚೀನಾದ ಇನ್ಸರ್ಟುಗಳೂ ಇವೆ. ಬೆಲೆ ಕಡಿಮೆ, ಮೃದು ಉಕ್ಕಿಗೆ ಪರವಾಗಿಲ್ಲ, ಸ್ಟೇನ್‌ಲೆಸ್ ಸ್ಟೀಲಿಗೆ ನಾನು ಹಾಕುವುದಿಲ್ಲ.

ಕಂಟ್ರೋಲರ್ ಬಗ್ಗೆ ಹೇಳಲೇಬೇಕಾದ ಒಳ್ಳೆಯ ಮಾತುಗಳಿವೆ. ಬುಷ್ಷಿನ ಮುಖವನ್ನು ಫೇಸಿಂಗ್ ಮಾಡುವಾಗ ಟೂಲ್ ಹೊರಗಿನಿಂದ ಕೇಂದ್ರದತ್ತ ಹೋದಂತೆ ವ್ಯಾಸ ಕಡಿಮೆಯಾಗುತ್ತದೆ. ಸಾದಾ ಲೇತ್‌ನಲ್ಲಿ ಸುತ್ತು ಬದಲಾಗದ ಕಾರಣ ಕೇಂದ್ರದ ಬಳಿ ಕಟಿಂಗ್ ಸ್ಪೀಡ್ ಬಿದ್ದುಹೋಗಿ ಮೇಲ್ಮೈ ಒರಟಾಗುತ್ತದೆ. ಇಲ್ಲಿ ಪ್ರೋಗ್ರಾಮಿನಲ್ಲಿ ಜಿ96 ಎಂದು ಬರೆದರೆ ವ್ಯಾಸ ಇಳಿದಂತೆಲ್ಲ ಸ್ಪಿಂಡಲ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಅದಕ್ಕೆ ಮುಂಚೆ ಜಿ50 ಹಾಕಿ ಗರಿಷ್ಠ ಸುತ್ತಿಗೆ ಮಿತಿ ಕಟ್ಟುವುದನ್ನು ಹೊಸ ಹುಡುಗರಿಗೆ ಮೊದಲ ದಿನವೇ ಕಲಿಸಬೇಕು, ಏಕೆಂದರೆ ಮಿತಿಯಿಲ್ಲದೆ ಓಡಿದ ಚಕ್ಕಿನಿಂದ ಜಾಬ್ ಹಾರಿದರೆ ಬಾಗಿಲಿನ ಗಾಜು ತಡೆಯುತ್ತದೆ ಎಂಬ ಭರವಸೆಯ ಮೇಲೆ ಯಾರೂ ಕೆಲಸ ಮಾಡಬಾರದು. ಅಳತೆ ಸ್ವಲ್ಪ ಸರಿದರೆ ಟೂಲ್ ಸರಿಪಡಿಸುವ ರಗಳೆಯೂ ಇಲ್ಲ. ಬೋರ್ ಗೇಜಿನಲ್ಲಿ ತೂತು ಐದು ಮೈಕ್ರಾನ್ ಮೇಲೆ ತೋರಿದರೆ ಟೂಲಿನ ಸವೆತ ಸರಿದೂಗಿಸಲು ಕಂಟ್ರೋಲರ್‌ನಲ್ಲಿರುವ ವೇರ್ ಆಫ್‌ಸೆಟ್ಟಿನಲ್ಲಿ ಅಷ್ಟನ್ನು ಕಳೆದು ಮುಂದಿನ ಜಾಬ್ ಹಾಕಿದರಾಯಿತು. ಹಳೆಯ ಲೇತ್‌ನಲ್ಲಿ ಕಾಲು ಗಂಟೆ ಹಿಡಿಯುತ್ತಿದ್ದ ಬುಷ್ ಇದರಲ್ಲಿ ಲೋಡಿಂಗ್ ಸೇರಿಸಿ ಮೂರು ನಿಮಿಷದೊಳಗೆ ಇಳಿಯುತ್ತದೆ. ಬ್ಯಾಚಿನ ಮೊದಲ ಪೀಸೂ ಕೊನೆಯ ಪೀಸೂ ಒಂದೇ ಅಳತೆಯಲ್ಲಿರುತ್ತವೆ, ಇದು ವೇಗಕ್ಕಿಂತಲೂ ದೊಡ್ಡ ಲಾಭ. ಗ್ರಾಹಕರ ಕಡೆಯಿಂದ ರಿಜೆಕ್ಷನ್ ಆಗಿ ವಾಪಸ್ ಬರುವ ಪೆಟ್ಟಿಗೆಗಳು ನಿಂತಾಗಲೇ ಸಣ್ಣ ಘಟಕದವನಿಗೆ ಉತ್ಪಾದಕತೆ ಎಂಬುದರ ನಿಜವಾದ ರುಚಿ ಸಿಗುವುದು.

ಇದೆಲ್ಲ 1991ಕ್ಕೆ ಮುಂಚೆ ಏಕೆ ಸಾಧ್ಯವಿರಲಿಲ್ಲ? ಕರ್ನಾಟಕದಲ್ಲಿ ಲೇತ್ ತಯಾರಿಸುವ ವಿದ್ಯೆ ಇರಲಿಲ್ಲ ಎಂದಂತೂ ಅಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲೇ ಶುರುವಾಗಿತ್ತು. ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲೂ ಐಟಿಐಗಳಲ್ಲೂ ದುಡಿದಿವೆ, ಇನ್ನೂ ದುಡಿಯುತ್ತಿವೆ. ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಎಚ್‌ಎಂಟಿ ಹುಟ್ಟಿತು. 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಸಹಯೋಗದಲ್ಲಿ ಭಾರತ್ ಫ್ರಿಟ್ಜ್ ವರ್ನರ್ (ಬಿಎಫ್‌ಡಬ್ಲ್ಯು) ಬಂತು. ಅದೇ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ ಇದೆ. ಎಚ್‌ಎಂಟಿಯ ಎನ್‌ಎಚ್ ಸರಣಿಯ ಲೇತ್ ಒಂದರ ಬೆಡ್ಡನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಗೊತ್ತು, ಕೈಯಿಂದ ಸ್ಕ್ರೇಪ್ ಮಾಡಿದ ಆ ಮೇಲ್ಮೈಯ ಕುಸುರಿಯನ್ನು ಇಂದಿನ ಯಂತ್ರದಲ್ಲಿ ಹುಡುಕಿದರೂ ಸಿಗುವುದಿಲ್ಲ. ವಿದ್ಯೆ ಇತ್ತು, ಕೈ ಇತ್ತು; ಸಿಗದೇ ಇದ್ದದ್ದು ಹೊರಗಿನ ಸಾಮಗ್ರಿ. ಬಾಲ್‌ಸ್ಕ್ರೂ ಆಗಲಿ, ಸರ್ವೋ ಮೋಟರ್ ಆಗಲಿ ತರಿಸಬೇಕೆಂದರೆ ಆಮದು ಲೈಸೆನ್ಸ್ ಬೇಕಿತ್ತು, ಅದೇ ವಸ್ತು ದೇಶದಲ್ಲಿ ಸಿಗುವುದಿಲ್ಲವೆಂದು ಅರ್ಜಿ ಹಾಕಿ ಒಪ್ಪಿಸಬೇಕಿತ್ತು, ಇವೆಲ್ಲ ಮುಗಿದ ಮೇಲೆ ಬಂದರಿನಲ್ಲಿ ವಸ್ತುವಿನ ಬೆಲೆಯನ್ನೇ ಮೀರುವ ಸುಂಕ ಕಟ್ಟಬೇಕಾಗುತ್ತಿತ್ತು.

1991ರ ಜುಲೈ ತಿಂಗಳಲ್ಲಿ ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ಟಿನಲ್ಲಿ ಗರಿಷ್ಠ ಆಮದು ಸುಂಕವನ್ನು ಶೇ 150ಕ್ಕೆ ಇಳಿಸಲಾಯಿತು. ಶೇ 150 ಎಂಬುದೇ ಇಳಿಕೆ ಎಂದರೆ ಹಿಂದಿನ ಮಟ್ಟ ಹೇಗಿದ್ದಿರಬೇಕು ಎಂದು ಊಹಿಸಿಕೊಳ್ಳಬಹುದು. ಅಲ್ಲಿಂದ 1992ರಲ್ಲಿ ಶೇ 110, 1993ರಲ್ಲಿ 85, 1994ರಲ್ಲಿ 65, 1995ರಲ್ಲಿ 50 ಹೀಗೆ ಇಳಿಯುತ್ತ ಬಂದು 2007ರ ಹೊತ್ತಿಗೆ ಕೃಷಿಯೇತರ ವಸ್ತುಗಳ ಗರಿಷ್ಠ ಸುಂಕ ಶೇ 10ಕ್ಕೆ ಬಂದು ನಿಂತಿತು. ಲೈಸೆನ್ಸಿನ ಕಟ್ಟು ಯಂತ್ರಗಳಿಗೂ ಬಿಡಿಭಾಗಗಳಿಗೂ ಮೊದಲೇ ಸಡಿಲವಾಯಿತು. ಗ್ರಾಹಕ ಬಳಕೆಯ ವಸ್ತುಗಳ ಮೇಲಿನ ಪರಿಮಾಣ ನಿರ್ಬಂಧ ಮಾತ್ರ 2001ರ ಏಪ್ರಿಲ್ ತನಕ ಎಳೆಯಿತು. ಈ ಅನುಕ್ರಮ ಯಂತ್ರ ತಯಾರಕರಿಗೆ ಒಂದು ರೀತಿಯಲ್ಲಿ ಅನುಕೂಲವನ್ನೇ ಮಾಡಿತು: ಬಿಡಿಭಾಗ ತರಿಸಿಕೊಳ್ಳಬಹುದು, ಆ ಯಂತ್ರಗಳನ್ನು ಕೊಳ್ಳುವ ಅನೇಕ ಗ್ರಾಹಕರಿಗೆ ಇನ್ನೂ ಒಂದಿಷ್ಟು ರಕ್ಷಣೆ ಇದೆ.

ಅರ್ಥಶಾಸ್ತ್ರಜ್ಞರಿಗೆ ಭಾರತದ ಈ ಪ್ರಸಂಗ ವಿಶೇಷ ಪ್ರಿಯವಾದದ್ದು. ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ಅವಸರವಾಗಿ ಸುಂಕ ಇಳಿಸಬೇಕಾಗಿ ಬಂದದ್ದರಿಂದ, ಯಾವ ಉದ್ಯಮ ಬಲವಾಗಿದೆ, ಯಾವುದು ದುರ್ಬಲವಾಗಿದೆ ಎಂದು ಆರಿಸಿ ಇಳಿಸುವಷ್ಟು ವ್ಯವಧಾನ ಆರಂಭದ ವರ್ಷಗಳಲ್ಲಿ ಸರ್ಕಾರಕ್ಕೆ ಇರಲಿಲ್ಲ. ಹಾಗಾಗಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ನೋಡಲು ಸುಲಭ. ಪೆಟಿಯಾ ಟೊಪಲೋವಾ ಮತ್ತು ಅಮಿತ್ ಖಂಡೇಲ್‌ವಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಬಗೆಯ ಸುಂಕಗಳನ್ನು ಬೇರ್ಪಡಿಸಿ ನೋಡಿತು: ಕಂಪನಿ ಮಾರುವ ವಸ್ತುವಿನ ಮೇಲಿನ ಸುಂಕ ಇಳಿದಾಗ ಏನಾಗುತ್ತದೆ, ಕಂಪನಿ ಕೊಳ್ಳುವ ಒಳಸುರಿಯ (ಕಚ್ಚಾ ಸಾಮಗ್ರಿ, ಬಿಡಿಭಾಗಗಳ) ಮೇಲಿನ ಸುಂಕ ಇಳಿದಾಗ ಏನಾಗುತ್ತದೆ. ಎರಡರಿಂದಲೂ ಉತ್ಪಾದಕತೆ ಏರಿತು, ಆದರೆ ಎರಡನೆಯದರ ಪ್ರಭಾವ ಬಹಳ ದೊಡ್ಡದಾಗಿತ್ತು. ಇದೇ ಇಬ್ಬರು ಪಿನೆಲೋಪಿ ಗೋಲ್ಡ್‌ಬರ್ಗ್ ಮತ್ತು ನೀನಾ ಪಾವ್ಚ್‌ನಿಕ್ ಅವರೊಡನೆ 2010ರಲ್ಲಿ ತೋರಿಸಿದ ಇನ್ನೊಂದು ಸಂಗತಿ ನನಗೆ ಇನ್ನೂ ಹೆಚ್ಚು ಹತ್ತಿರದ್ದು: ಆ ಅವಧಿಯಲ್ಲಿ ಭಾರತೀಯ ಕಂಪನಿಗಳು ಹೊಸದಾಗಿ ತಯಾರಿಸತೊಡಗಿದ ಉತ್ಪನ್ನಗಳಲ್ಲಿ ಸುಮಾರು ಶೇ 31ರಷ್ಟಕ್ಕೆ ಒಳಸುರಿಯ ಸುಂಕದ ಇಳಿಕೆ ಕಾರಣವಾಗಿತ್ತು. ನನ್ನ ಮುಂದಿರುವ ಈ ಲೇತ್ ಆ ಬಗೆಯ ಉತ್ಪನ್ನಕ್ಕೆ ಒಳ್ಳೆಯ ಮಾದರಿ. ಕಂಟ್ರೋಲರ್ ಮತ್ತು ಗೈಡ್‌ಗಳು ಕೈಗೆಟಕುವ ಬೆಲೆಗೆ ಬಾರದೆ ಹೋಗಿದ್ದರೆ ಸಣ್ಣ ಘಟಕದವನು ಸಾಲ ಮಾಡಿಯಾದರೂ ಕೊಳ್ಳಬಲ್ಲ ಸಿಎನ್‌ಸಿ ಲೇತ್ ಎಂಬ ವಸ್ತುವೇ ಬೆಂಗಳೂರಿನಲ್ಲಿ ಈ ಪ್ರಮಾಣದಲ್ಲಿ ತಯಾರಾಗುತ್ತಿರಲಿಲ್ಲ.

ಆದರೆ ಒಂದು ಎಚ್ಚರಿಕೆ ಬೇಕು. ಈ ಅಧ್ಯಯನಗಳು ಆಧರಿಸಿದ್ದು ಲೆಕ್ಕಪತ್ರ ಪ್ರಕಟಿಸುವ ಮಧ್ಯಮ ಮತ್ತು ದೊಡ್ಡ ಕಂಪನಿಗಳ ಅಂಕಿಗಳನ್ನು. ನಾಲ್ಕು ಯಂತ್ರ, ಆರು ಜನ ಇರುವ ಶೆಡ್ಡು ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಅಲ್ಲಿಗೆ ಈ ಲಾಭ ತಲುಪುವುದು ಇಂಥ ಯಂತ್ರದ ಮೂಲಕ, ತಡವಾಗಿ, ಬ್ಯಾಂಕಿನ ಬಡ್ಡಿಯ ಸಮೇತ.

ಬಾಗಿಲು ತೆರೆದದ್ದರಲ್ಲಿ ನಷ್ಟವಾದವರ ಮಾತನ್ನೂ ಇಲ್ಲೇ ಹೇಳಬೇಕು. ಹರಿಹರದ ಕಾರ್ಖಾನೆ ಹೊಸ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಮುಚ್ಚಿತು. ಎಚ್‌ಎಂಟಿ ಮೊದಲಿನ ಎಚ್‌ಎಂಟಿಯಾಗಿ ಉಳಿಯಲಿಲ್ಲ. ಎರಡಕ್ಕೂ ಆಮದೇ ಏಕೈಕ ಕಾರಣವೆನ್ನುವುದು ಸರಿಯಲ್ಲ, ಆಡಳಿತ, ಕಾರ್ಮಿಕ ಸಂಬಂಧ, ಮಾರುಕಟ್ಟೆಯ ಹಿಂಜರಿತ ಎಲ್ಲವೂ ಸೇರಿದ್ದವು. ಆದರೂ ತೊಂಬತ್ತರ ದಶಕದಲ್ಲಿ ಜಪಾನ್, ಯುರೋಪುಗಳ ಕಾರ್ಖಾನೆಗಳು ತೆಗೆದುಹಾಕಿದ ಹಳೆಯ ಸಿಎನ್‌ಸಿ ಯಂತ್ರಗಳು ಇಲ್ಲಿಗೆ ಬರತೊಡಗಿದಾಗ, ಹೊಸ ಸಾದಾ ಲೇತ್ ಮಾರುವವರ ಕಷ್ಟ ಹೆಚ್ಚಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಇಡೀ ಉದ್ಯಮದ ಸರಾಸರಿ ಉತ್ಪಾದಕತೆ ಏರುವುದಕ್ಕೆ ಎರಡು ದಾರಿಗಳಿವೆ: ಇದ್ದವರು ಸುಧಾರಿಸಬಹುದು, ಹಿಂದೆ ಬಿದ್ದವರು ಮುಚ್ಚಿಹೋಗಬಹುದು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಹರಿಹರದಲ್ಲಿ ನಿಂತು ನೋಡಿದವರಿಗೆ ಹಾಗೆ ಕಾಣುವುದಿಲ್ಲ. ಇನ್ನೊಂದು ಕಡೆ, ಬೆಂಗಳೂರಿನ ಇಂದಿನ ಯಂತ್ರ ತಯಾರಕರ ವಿನ್ಯಾಸ ವಿಭಾಗಗಳಲ್ಲೂ ಜೋಡಣಾ ವಿಭಾಗಗಳಲ್ಲೂ ಎಚ್‌ಎಂಟಿಯಲ್ಲಿ ಪಳಗಿದ ಕೈಗಳ ಪಾತ್ರ ದೊಡ್ಡದು. ರಕ್ಷಣೆಯ ಕಾಲದಲ್ಲಿ ಕಟ್ಟಿದ ವಿದ್ಯೆ ಇಲ್ಲದಿದ್ದರೆ ತೆರೆದ ಕಾಲದಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸುವವರು ಯಾರಿರುತ್ತಿದ್ದರು? ಸುಂಕ ಇಳಿಸಿದ್ದೇ ಎಲ್ಲವನ್ನೂ ಮಾಡಿತು ಎನ್ನುವವರು ಈ ಪ್ರಶ್ನೆಯನ್ನು ದಾಟಿ ಹೋಗುತ್ತಾರೆ.

ಇನ್ನು ಯಂತ್ರದ ಕೊರತೆಗಳು. ಬೆಳಿಗ್ಗೆ ಶುರು ಮಾಡಿದ ಮೊದಲ ಗಂಟೆಯಲ್ಲಿ ಅಳತೆ ನಿಲ್ಲುವುದಿಲ್ಲ. ಸ್ಪಿಂಡಲ್ ಮತ್ತು ಸ್ಕ್ರೂ ಬಿಸಿಯಾಗುತ್ತಿದ್ದಂತೆ ಸರಿಯುತ್ತವೆ. ಮುನ್ನೂರು ಮಿಲಿಮೀಟರ್ ಉದ್ದದ ಉಕ್ಕಿನ ಸ್ಕ್ರೂ ಐದು ಡಿಗ್ರಿ ಬಿಸಿಯಾದರೆ ಸುಮಾರು 17 ಮೈಕ್ರಾನ್ ಉದ್ದವಾಗುತ್ತದೆ. ನಮಗಿರುವ ಒಟ್ಟು ಅವಕಾಶವೇ 21 ಮೈಕ್ರಾನ್. ಇದಕ್ಕೆ ಮದ್ದು ಎಂದರೆ ಜಾಬ್ ಹಾಕದೆ ಯಂತ್ರವನ್ನು ಇಪ್ಪತ್ತು ನಿಮಿಷ ಬರಿದೇ ಓಡಿಸುವುದು, ಮತ್ತು ಮೊದಲ ಕೆಲವು ಪೀಸ್‌ಗಳನ್ನು ಒಂದೊಂದಾಗಿ ಅಳೆಯುವುದು. ದುಬಾರಿ ಜಪಾನಿ ಯಂತ್ರಗಳಲ್ಲಿ ಈ ಸರಿತವನ್ನು ಕಂಟ್ರೋಲರ್ ಅಂದಾಜಿಸಿ ತಿದ್ದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಈ ಬೆಲೆಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಬಾಗಿಲಿನ ಕೆಳಗಿನ ಅಂಚಿನಿಂದ ಕೂಲಂಟ್ ಜಿನುಗುತ್ತದೆ, ರಬ್ಬರ್ ಬದಲಾಯಿಸಿದರೂ ಕೆಲವು ತಿಂಗಳಲ್ಲಿ ಮತ್ತೆ ಅದೇ ಕಥೆ. ತಗಡಿನ ಕೆಲಸದಲ್ಲಿ ನಮ್ಮವರು ತೈವಾನಿನವರಿಗಿಂತ ಇನ್ನೂ ಹಿಂದೆಯೇ ಇದ್ದಾರೆ, ಇದಕ್ಕೆ ಯಾವ ಸುಂಕವೂ ಕಾರಣವಲ್ಲ. ಕ್ಯಾಬಿನೆಟ್ಟಿನ ಫ್ಯಾನ್ ಫಿಲ್ಟರ್ ಪೀಣ್ಯದ ಧೂಳಿಗೆ ಸಾಲದು.

ಸರ್ವಿಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಭಾಗ. ತಯಾರಕರ ಎಂಜಿನಿಯರ್ ಕರೆದ ದಿನವೇ ಬರುತ್ತಾರೆ. ಕಾರ್ಖಾನೆ ಇದೇ ಊರಿನಲ್ಲಿರುವುದರ ದೊಡ್ಡ ಅನುಕೂಲ ಅದು. ಆದರೆ ಅವರು ಬಂದು ಎನ್‌ಕೋಡರ್ (ಮೋಟರ್ ಎಷ್ಟು ತಿರುಗಿತೆಂದು ಅಳೆಯುವ ಸಾಧನ) ಹೋಗಿದೆ ಎಂದು ಹೇಳಿದ ಮೇಲೆ ಆ ಎನ್‌ಕೋಡರ್ ಬರುವುದು ಬೇರೆ ಪ್ರಶ್ನೆ. ಆಮದು ಬಿಡಿಭಾಗ ದಾಸ್ತಾನಿನಲ್ಲಿದ್ದರೆ ಮರುದಿನ, ಇಲ್ಲದಿದ್ದರೆ ಕಾಯಬೇಕು. 2021 ಮತ್ತು 2022ರಲ್ಲಿ ಜಗತ್ತಿನಾದ್ಯಂತ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆ ಬಂದಾಗ ಹೊಸ ಕಂಟ್ರೋಲರ್‌ಗಳಿಗಾಗಿ ಯಂತ್ರ ತಯಾರಕರೇ ಕಾದು ಕುಳಿತಿದ್ದರು. ಕಾಸ್ಟಿಂಗ್ ಸಿದ್ಧ, ಸ್ಪಿಂಡಲ್ ಸಿದ್ಧ, ಕಂಟ್ರೋಲರ್ ಇಲ್ಲ. ಒಳಸುರಿಯ ಆಮದಿನಿಂದ ಬಂದ ಉತ್ಪಾದಕತೆಗೆ ಇದೂ ಒಂದು ಬೆಲೆ, ಮತ್ತು ಈ ಬೆಲೆಯನ್ನು ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ. ಹಾಗೆಂದು ಬಿಡಿಭಾಗಗಳ ಮೇಲೆ ಮತ್ತೆ ಸುಂಕ ಏರಿಸಿ ಇಲ್ಲೇ ತಯಾರಿಸುವಂತೆ ಮಾಡೋಣ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಬಿಡಿಭಾಗದ ಸುಂಕ ಪೂರ್ಣ ಯಂತ್ರದ ಸುಂಕಕ್ಕಿಂತ ಹೆಚ್ಚಾದ ದಿನ, ಇಲ್ಲಿ ಜೋಡಿಸಿ ಮಾರುವುದಕ್ಕಿಂತ ತೈವಾನಿನಿಂದ ಇಡೀ ಯಂತ್ರವನ್ನೇ ತರಿಸುವುದು ಅಗ್ಗವಾಗುತ್ತದೆ. ರಕ್ಷಣೆ ಎಂದು ಹಾಕಿದ ಸುಂಕ ರಕ್ಷಿಸಬೇಕಾದವನನ್ನೇ ಕೆಡವುತ್ತದೆ.

ಉತ್ಪಾದಕತೆಯ ಬಗ್ಗೆ ಯಂತ್ರ ಮಾರುವವರು ಹೇಳದ ಇನ್ನೊಂದು ಮಾತಿದೆ. ಮೂರು ನಿಮಿಷದ ಬುಷ್ ಎಂದರೆ ಗಂಟೆಗೆ ಇಪ್ಪತ್ತು ಎಂದು ಗುಣಿಸಿ ಸಾಲದ ಕಂತು ಲೆಕ್ಕ ಹಾಕುವವರು ತಿಂಗಳ ಕೊನೆಯಲ್ಲಿ ಕಷ್ಟಪಡುತ್ತಾರೆ. ಒಂದು ಜಾಬಿನಿಂದ ಇನ್ನೊಂದಕ್ಕೆ ಹೋಗುವಾಗ ಚಕ್ಕಿನ ಜಾ (ಜಾಬನ್ನು ಕಚ್ಚಿ ಹಿಡಿಯುವ ಹಲ್ಲು) ಬದಲಾಯಿಸಿ ಬೋರ್ ಮಾಡಬೇಕು, ಟೂಲ್ ಆಫ್‌ಸೆಟ್ ತೆಗೆದುಕೊಳ್ಳಬೇಕು, ಲೋಹ ಕತ್ತರಿಸದೆ ಪ್ರೋಗ್ರಾಮನ್ನು ಒಮ್ಮೆ ಓಡಿಸಿ ನೋಡಬೇಕು, ಮೊದಲ ಪೀಸ್ ಅಳೆದು ಒಪ್ಪಿಗೆ ಪಡೆಯಬೇಕು. ಅನುಭವಸ್ಥ ಸೆಟ್ಟರ್ ಇದ್ದರೆ ಒಂದು ಗಂಟೆ, ಇಲ್ಲದಿದ್ದರೆ ಅರ್ಧ ಪಾಳಿ. ಐನೂರು ಪೀಸಿನ ಬ್ಯಾಚಿಗೆ ಇದು ಲೆಕ್ಕಕ್ಕೇ ಬಾರದು; ಮೂರು ನಾಲ್ಕು ಪೀಸಿನ ಬ್ಯಾಚಿಗೆ ಸಾದಾ ಲೇತ್ ಇಂದಿಗೂ ಗೆಲ್ಲುತ್ತದೆ, ಅದಕ್ಕೇ ನನ್ನ ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಟರ್ನ್‌ಮಾಸ್ಟರ್ ಇನ್ನೂ ಇದೆ. ಸೆಟ್ಟರ್‌ಗಳ ಕೊರತೆ ನಿಜವಾದ ಕೊರತೆ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಯಿಂದ ಬಂದ ಹುಡುಗ ಒಂದು ವರ್ಷ ನಮ್ಮಲ್ಲಿ ಪಳಗಿದರೆ ಎರಡನೆಯ ವರ್ಷ ದೊಡ್ಡ ಕಂಪನಿಗೆ ಹೋಗುತ್ತಾನೆ, ಹೋಗಲೂಬೇಕು. ವಿದ್ಯುತ್ ಏರುಪೇರಿಗೆ ಸ್ಟೆಬಿಲೈಸರ್ ಇಲ್ಲದೆ ಈ ಯಂತ್ರವನ್ನು ಜೋಡಿಸಲೇಬಾರದು. ವಿದೇಶದಿಂದ ಬಂದ ಸರ್ವೋ ಡ್ರೈವ್ ಎಷ್ಟೇ ಚುರುಕಾಗಿದ್ದರೂ ಕರೆಂಟ್ ಹೋದ ಕ್ಷಣದಲ್ಲಿ ಅರ್ಧ ಕತ್ತರಿಸಿದ ಜಾಬ್, ಮುರಿದ ಇನ್ಸರ್ಟ್, ಕೈಯಲ್ಲಿ ಗೇಜ್ ಹಿಡಿದು ನಿಂತ ಆಪರೇಟರ್ ಇಷ್ಟೇ ಉಳಿಯುವುದು.

ಹೆಚ್ಚಿದ ಉತ್ಪಾದಕತೆಯ ಫಲ ಯಾರ ಜೇಬಿಗೆ ಹೋಯಿತು ಎಂಬುದನ್ನು ಬಿಟ್ಟರೆ ಈ ವಿಮರ್ಶೆ ಅರ್ಧವಾಗುತ್ತದೆ. ಭಾರತದ ಅದೇ ಸುಧಾರಣೆಯ ಅವಧಿಯನ್ನು ಕುರಿತ 2016ರ ಇನ್ನೊಂದು ಅಧ್ಯಯನದಲ್ಲಿ, ಒಳಸುರಿ ಅಗ್ಗವಾಗಿ ತಯಾರಿಕೆಯ ವೆಚ್ಚ ಇಳಿದಷ್ಟು ಮಾರಾಟದ ಬೆಲೆ ಇಳಿಯಲಿಲ್ಲ, ಕಂಪನಿಗಳ ಲಾಭಾಂಶ ಹಿಗ್ಗಿತು ಎಂದು ಕಂಡುಬಂದಿದೆ. ದೊಡ್ಡ ಕಂಪನಿಗಳ ಮಟ್ಟಿಗೆ ಇದು ನಿಜವೇ ಇರಬೇಕು. ಜಾಬ್‌ವರ್ಕ್ ಮಾಡುವವನ ಅನುಭವ ಇದಕ್ಕೆ ತಿರುಗುಮುರುಗು. ಪಕ್ಕದ ಶೆಡ್ಡಿನಲ್ಲೂ ಇದೇ ಯಂತ್ರ, ಎದುರಿನ ಶೆಡ್ಡಿನಲ್ಲೂ ಇದೇ ಯಂತ್ರ ಇರುವಾಗ ಗ್ರಾಹಕ ಕಂಪನಿಯ ಪರ್ಚೇಸ್ ವಿಭಾಗ ಮಾಡುವ ಮೊದಲ ಕೆಲಸವೇ ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ) ಕೇಳುವುದು. ಸೈಕಲ್ ಟೈಮನ್ನು ಮಷಿನ್ ಅವರ್ ರೇಟಿನಿಂದ ಗುಣಿಸಿ ಬೆಲೆ ಕಟ್ಟುತ್ತಾರೆ. ನಾವು ಒಂದು ನಿಮಿಷ ಉಳಿಸಿದರೆ ಮುಂದಿನ ಒಪ್ಪಂದದಲ್ಲಿ ಆ ನಿಮಿಷ ಅವರದಾಗುತ್ತದೆ. ಆಪರೇಟರ್‌ಗಳ ಸಂಬಳ ಸಾದಾ ಲೇತಿನ ಕಾಲಕ್ಕಿಂತ ಏರಿದೆ, ಒಬ್ಬನೇ ಎರಡು ಯಂತ್ರ ನೋಡಿಕೊಳ್ಳುವುದೂ ರೂಢಿಯಾಗಿದೆ. ಸಣ್ಣ ಮಾಲೀಕನ ಪಾಲಿಗೆ ಉಳಿಯುವುದು ಹೆಚ್ಚಿನ ಲಾಭ ಅಲ್ಲ, ಆಟದಲ್ಲಿ ಉಳಿದುಕೊಳ್ಳುವ ಅರ್ಹತೆ. ರಫ್ತು ಮಾಡುವ ಗ್ರಾಹಕರಿಗೆ ಭಾಗ ಒದಗಿಸುವವರ ಸ್ಥಿತಿ ಸ್ವಲ್ಪ ಉತ್ತಮ. ಅಲ್ಲಿ ಅಳತೆಯ ಶಿಸ್ತು ಕಠಿಣ, ದಾಖಲೆಗಳು ಹೆಚ್ಚು, ಬೆಲೆಯೂ ಸ್ವಲ್ಪ ಹೆಚ್ಚು, ಮತ್ತು ಆ ಶಿಸ್ತನ್ನು ಒಮ್ಮೆ ಕಲಿತ ಶೆಡ್ಡು ಒಳನಾಡಿನ ಕೆಲಸವನ್ನೂ ಅದೇ ಅಚ್ಚುಕಟ್ಟಿನಲ್ಲಿ ಮಾಡತೊಡಗುತ್ತದೆ.

ಕೊಳ್ಳುವವರಿಗೆ ಹೇಳುವುದಾದರೆ: ಆಯ್ಕೆಗಳನ್ನೆಲ್ಲ ಹಾಕಿಸಿ ಶೇ 18 ಜಿಎಸ್‌ಟಿ ಸೇರಿಸಿದರೆ ಈ ದರ್ಜೆಯ ಯಂತ್ರ ಇಪ್ಪತ್ತು ಲಕ್ಷ ರೂಪಾಯಿಯ ಆಸುಪಾಸಿಗೆ ಬರುತ್ತದೆ, ಜಿಎಸ್‌ಟಿಯ ಹಣ ಇನ್‌ಪುಟ್ ಕ್ರೆಡಿಟ್ ಆಗಿ ನಿಧಾನವಾಗಿ ವಾಪಸ್ ಸಿಗುತ್ತದೆ. ಹೊಸ ಜಪಾನಿ ಯಂತ್ರ ಇದರ ಹಲವು ಪಟ್ಟು ದುಬಾರಿ. ಐದು ಮೈಕ್ರಾನಿನ ಕೆಲಸವನ್ನೇ ದಿನವಿಡೀ ಮಾಡುವವರಿಗೆ ಮಾತ್ರ ಅದು ಸರಿ. ಹಳೆಯ ಜಪಾನಿ ಯಂತ್ರ ಅಗ್ಗಕ್ಕೆ ಸಿಗುತ್ತದೆ, ಕಾಸ್ಟಿಂಗ್ ಅದ್ಭುತವಾಗಿರುತ್ತದೆ, ಆದರೆ ಇಪ್ಪತ್ತು ವರ್ಷ ಹಳೆಯ ಕಂಟ್ರೋಲರ್ ಬೋರ್ಡ್ ಕೆಟ್ಟರೆ ಹುಡುಕಿಕೊಂಡು ಅಲೆಯಬೇಕು. ರಫ್ತಿನ ಖಾತರಿ ಇರುವವರು ರಫ್ತು ಉತ್ತೇಜನಕ್ಕೆಂದು ಸರ್ಕಾರ ಇಟ್ಟಿರುವ ಇಪಿಸಿಜಿ ಯೋಜನೆಯಡಿ ಸುಂಕವಿಲ್ಲದೆ ಯಂತ್ರ ತರಿಸಬಹುದು. ಉಳಿಸಿದ ಸುಂಕದ ಆರು ಪಟ್ಟನ್ನು ಆರು ವರ್ಷದಲ್ಲಿ ರಫ್ತು ಮಾಡಿ ತೋರಿಸುವ ಹೊಣೆ ಹೊರಬೇಕೆಂಬುದನ್ನು ಮಧ್ಯವರ್ತಿಗಳು ಮೆಲುದನಿಯಲ್ಲಿ ಹೇಳುತ್ತಾರೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಇಮ್‌ಟೆಕ್ಸ್ ಪ್ರದರ್ಶನ ನಡೆಯುವಾಗ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ನಿಮ್ಮದೇ ಜಾಬನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಅವರ ಕೈಯಲ್ಲೇ ಸೈಕಲ್ ಟೈಮ್ ಬರೆಸಿಕೊಳ್ಳಿ. ಆರ್ಡರ್ ಕೊಡುವಾಗ ಕತ್ತರಿಸಿದ ಲೋಹದ ಚೂರುಗಳನ್ನು ಹೊರಹಾಕುವ ಚಿಪ್ ಕನ್ವೇಯರ್ ಬೇಡವೆಂದು ಹಣ ಉಳಿಸಬೇಡಿ, ಕ್ಯಾಬಿನೆಟ್ಟಿಗೆ ಎಸಿ ಹಾಕಿಸಿ. ಎನ್‌ಕೋಡರ್, ಸ್ಪಿಂಡಲ್ ಆಂಪ್ಲಿಫೈಯರ್, ಟರೆಟ್ ಸೆನ್ಸರ್ ಈ ಮೂರೂ ತಯಾರಕರ ಬೆಂಗಳೂರಿನ ದಾಸ್ತಾನಿನಲ್ಲಿ ಇರುತ್ತವೆಯೇ ಎಂದು ಕೇಳಿ, ಉತ್ತರವನ್ನು ಪರ್ಚೇಸ್ ಆರ್ಡರಿನ ಷರತ್ತುಗಳಲ್ಲಿ ಸೇರಿಸಿದ ಮೇಲೆಯೇ ಮುಂಗಡದ ಚೆಕ್ ಬರೆಯಿರಿ.